ಅತ್ತೆಯ ಹೀರೋಗೆ ಆಯೇರಿ

ಸುರಪುರ
೧೦ ಜುಲೈ ೨೦೨೫, ಗುರುವಾರ

ನನ್ನ ಒಬ್ಬನೇ ಒಬ್ಬ, ಮುಂಗೋಪದ, ಮುದ್ದಿನ ಅಣ್ಣ ಬುದ್ಧಪ್ರಿಯನಿಗೆ,

ನಿನ್ನ ತಂಗಿ ಸಾವಿತ್ರಿಬಾಯಿ ಮೊದಲು ಕೈಮುಗಿದು, ಆಮೇಲೆ ಅದೇ ಕೈಯಿಂದ ಕಿವಿ ಹಿಡಿದುಕೊಂಡು ಬರೆಯುತ್ತಿದ್ದಾಳೆ. ನಾನು ಕ್ಷೇಮ. ನೀನು ಕ್ಷೇಮವೋ ಇಲ್ಲವೋ ಎಂದು ಅವ್ವನನ್ನು ಕೇಳಿ ತಿಳಿಯುವ ಗತಿ ಬಂದಿದೆ. ನನ್ನ ವಾಟ್ಸಾಪಿಗೆ ನಿನ್ನಿಂದ ಬರುವುದು ಎರಡು ನೀಲಿ ಗೆರೆ ಮಾತ್ರ. ಮದುವೆಯಾಗಿ ಎರಡು ತಿಂಗಳು ದಾಟಿದ ಮೇಲೆ ಮೊದಲ ಪತ್ರ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸು. ಇಂಗ್ಲಿಷ್ ಮೀಡಿಯಮ್ಮಿನವಳು ಕನ್ನಡದಲ್ಲಿ ಬರೆದಿದ್ದಾಳೆ ಎಂದು ನಗಬೇಡ. ಮೂರು ಸಲ ಇಂಗ್ಲಿಷಿನಲ್ಲಿ ಶುರು ಮಾಡಿದೆ. 'ಡಿಯರ್ ಬ್ರದರ್' ಎಂದು ಬರೆದ ಕೂಡಲೇ ಅದು ರಜೆ ಅರ್ಜಿಯಂತೆ ಕಂಡಿತು. ಒತ್ತಕ್ಷರ ತಪ್ಪಿದ್ದರೆ ನಿನ್ನ ಕೆಂಪು ಪೆನ್ನು ತೆಗೆಯಬೇಡ.

ರಜೆ ಎಂದ ಕೂಡಲೇ ನೆನಪಾಯಿತು, ಮೊದಲು ಕೆಲಸದ ಮಾತು. ಈ ತಿಂಗಳು ಇಪ್ಪತ್ತೊಂಬತ್ತಕ್ಕೆ ಪಂಚಮಿ. ಮದುವೆಯಾದ ಮೊದಲ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗಬೇಕು. ನೀನು ಅವ್ವನಿಗೆ 'ನನಗ ಸಾಲಿ ರಜಾ ಸಿಗಾಂಗಿಲ್ಲ, ಅಪ್ಪ ಹೋಗ್ಲಿ' ಎಂದೆಯಂತೆ. ಮಾಸ್ತರರೇ, ಪಂಚಮಿಗೆ ಒಂದು ದಿನ ರಜೆ ಸಿಗದ ಮಾಸ್ತರ ಯಾದಗಿರಿ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸು. ಅಪ್ಪ ಬೇಡ. ಅಪ್ಪ 'ಇದು ನಮ್ಮ ಹಬ್ಬ ಅಲ್ಲ' ಎನ್ನುತ್ತಲೇ ಇಲ್ಲಿಯ ಉಂಡಿ ಎಲ್ಲ ಖಾಲಿ ಮಾಡಿ ಬರುತ್ತಾನೆ. ನನಗೆ ನೀನು ಬೇಕು. ನೀನು ಬರಲೊಲ್ಲೆ ಎನ್ನಲು ಕಾರಣ ರಜೆಯಲ್ಲ. ಅದು ನಮ್ಮಿಬ್ಬರಿಗೂ ಗೊತ್ತು. ಆ ಮಾತು ಬರೆಯಲು ಕೈ ಏಳುತ್ತಿಲ್ಲ. ಅದಕ್ಕೇ ಮೊದಲು ಈ ಮನೆಯ ಸುದ್ದಿ ಹೇಳಿ ನಗಿಸುತ್ತೇನೆ. ನಕ್ಕವನಿಗೆ ಸಿಟ್ಟು ಹಿಡಿದಿಟ್ಟುಕೊಳ್ಳುವುದು ಸ್ವಲ್ಪ ಕಷ್ಟವಾಗಲಿ.

ನನ್ನ ಮದುವೆಯ ಫ್ಲೆಕ್ಸ್ ನಿನಗೆ ನೆನಪಿರಲೇಬೇಕು. ಹನ್ನೆರಡು ಅಡಿ ಉದ್ದ. ಕೆಳಗೆ ಮೂಲೆಯಲ್ಲಿ ನಾನು ಮತ್ತು ನನ್ನ ಅಮೋಘ, ಪಾಸ್‌ಪೋರ್ಟ್ ಫೋಟೋದಷ್ಟು. ಮೇಲೆ ಆಕಾಶ ತುಂಬ ಹೀರೋ ಅಮೋಘರಾಜ್, ಎರಡೂ ಕೈಯೆತ್ತಿ ಆಶೀರ್ವಾದ ಮಾಡುತ್ತ. ಅವರ ಮೀಸೆ ನನ್ನ ಮುಖಕ್ಕಿಂತ ದೊಡ್ಡದಿತ್ತು! ಅದು ನಮ್ಮ ಅತ್ತೆ ಮೋನಮ್ಮನವರ ಆರ್ಡರು. ಹದಿನಾರನೇ ವಯಸ್ಸಿನಲ್ಲಿ ಶಹಾಪುರದ ಟಾಕೀಸಿನಲ್ಲಿ ಅಮೋಘರಾಜ್ ಕುದುರೆಯಿಂದ ಇಳಿದದ್ದನ್ನು ನೋಡಿದವರು, ಇವತ್ತಿಗೂ ಅವರ ಪಾಲಿಗೆ ಆ ಮನುಷ್ಯ ಪೂರ್ತಿ ಇಳಿದೇ ಇಲ್ಲ. ಹೆತ್ತ ಮಗನಿಗೆ ಅದೇ ಹೆಸರಿಟ್ಟರು. ಅಭಿಮಾನಿ ಸಂಘದ ಸುರಪುರ ತಾಲೂಕು ಮಹಿಳಾ ಘಟಕಕ್ಕೆ ಅವರೇ ಅಧ್ಯಕ್ಷೆ. ಸದಸ್ಯರೂ ಅವರೊಬ್ಬರೇ. ಮಾವ ತಿಮ್ಮಣ್ಣನವರು ಮದುವೆಯಾದಾಗಿನಿಂದ, ಅಂದರೆ ಮೂವತ್ತೊಂದು ವರ್ಷದಿಂದ, ಆ ಹೀರೋನ ಮೇಲೆ ಹೊಟ್ಟೆ ಉರಿದುಕೊಂಡು, ಅವನಷ್ಟೇ ದಪ್ಪ ಮೀಸೆ ಬಿಟ್ಟುಕೊಂಡು ಬದುಕಿದ್ದಾರೆ.

ಈಗ ಕೇಳು. ಹೋದ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಅಮೋಘರಾಜ್ ಸಂದರ್ಶನ. ನೂರನೇ ಸಿನಿಮಾ ಅಂತೆ. ಅತ್ತೆ ತಲೆ ಬಾಚಿಕೊಂಡು, ಹೊಸ ಕುಪ್ಪಸ ತೊಟ್ಟು ಕುಳಿತಿದ್ದರು, ಟೀವಿಯೊಳಗಿನ ಹೀರೋಗೂ ಈ ಕಡೆ ಕಾಣಿಸುತ್ತದೆ ಎಂಬಂತೆ. ಆ ಸಂದರ್ಶನದ ಹುಡುಗಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: "ಸಾರ್, ನೀವು ಯಾಕೆ ಮದುವೆಯಾಗಲಿಲ್ಲ?" ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನಾನು ಒಂಟಿಯಲ್ಲಮ್ಮ. ಪ್ರವೀಣಕುಮಾರ ಇಪ್ಪತ್ತೆಂಟು ವರ್ಷದಿಂದ ನನ್ನ ಬಾಳಿನ ಜೊತೆಗಾರ. ನಾನು ಸಲಿಂಗಿ. ಇಷ್ಟು ಹೇಳೋಕೆ ಅರವತ್ತೊಂದು ವರ್ಷ ತಗೊಂಡೆ" ಎಂದರು. ಪಕ್ಕದಲ್ಲಿ ಕುಳಿತಿದ್ದ ತೆಳ್ಳಗಿನ ಮನುಷ್ಯನ ಕೈ ಹಿಡಿದರು. ಆ ಮನುಷ್ಯನನ್ನು ಅಭಿಮಾನಿಗಳೆಲ್ಲ ಬಲ್ಲರು, ಹೆಸರು ಮಾತ್ರ ಯಾರೂ ಕೇಳಿರಲಿಲ್ಲ. ಎಲ್ಲ ಫೋಟೋದಲ್ಲೂ ಹೀರೋನ ಹಿಂದೆ ಛತ್ರಿ ಹಿಡಿದು ನಿಂತಿರುವ ಮ್ಯಾನೇಜರು!

ಅತ್ತೆ ನನ್ನ ಕಡೆ ತಿರುಗಿದರು.

"ಸಾವಿತ್ರಿ, ಸಲಿಂಗಿ ಅಂದ್ರ ಏನವಾ? ನೀ ಇಂಗ್ಲೀಷ್ ಸಾಲಿ ಕಲ್ತಾಕಿ, ಹೇಳು."

ನಾನು ಹೇಳಿದೆ. ನೇಚರ್, ಓರಿಯೆಂಟೇಶನ್, ಡೈವರ್ಸಿಟಿ, ಸುಪ್ರೀಂ ಕೋರ್ಟು ಎಲ್ಲವನ್ನೂ ಎಳೆದು ತಂದು ಐದು ನಿಮಿಷ ಭಾಷಣ ಮಾಡಿದೆ. ಮಾವ ತಾಳ್ಮೆಯಿಂದ ಕೇಳಿದರು.

"ಯವ್ವಾ, ಇದು ರೇಡಿಯೋದಾಗ ಹವಾಮಾನ ಓದಿದಂಗ ಆತು. ಸೀದಾ ಹೇಳು. ಆ ಮನಿಷ್ಯಾಗ ಹೆಂಗಸರ ಮ್ಯಾಲ ಮನಸಿಲ್ಲ. ಅಷ್ಟ ಹೌದಲ್ಲ?"

"ಹೌದ್ರಿ ಮಾವ."

"ಎಂದೂ ಇದ್ದಿಲ್ಲ?"

"ಇದ್ದಿಲ್ಲರಿ."

"ತೊಂಬತ್ನಾಕನೇ ಇಸವಿಯೊಳಗೂ ಇದ್ದಿಲ್ಲ?"

ಅದು ಅವರ ಮದುವೆಯ ಇಸವಿ. ನಾನು ಇಲ್ಲವೆಂದು ತಲೆಯಾಡಿಸಿದೆ. ಮಾವ ಎದ್ದರು, ಚಪ್ಪಲಿ ಮೆಟ್ಟಿದರು, ಸೀದಾ ಕ್ಷೌರದ ಅಂಗಡಿಗೆ ಹೋಗಿ ಮೀಸೆ ಬೋಳಿಸಿಕೊಂಡು ಬಂದರು! ಬಾಗಿಲು ತೆರೆದ ನಾನು "ಯಾರು ಬೇಕಾಗಿತ್ರಿ?" ಎಂದು ಕೇಳಿದೆ, ಆಣೆ. "ಮೂವತ್ತೊಂದು ವರ್ಷದಾಗ ಮೊದಲ ಸಲ ಮೀಸಿಗೆ ಅನ್ನ ಹತ್ತಲಾರದಂಗ ಉಂಡೆ" ಎಂದು ರಾತ್ರಿ ಊಟಕ್ಕೆ ಕುಳಿತಾಗ ಮಗನಿಗೆ ಹೇಳಿದರು. ಮರುದಿನದಿಂದ ಅವರೇ ಅಮೋಘರಾಜನ ದೊಡ್ಡ ಅಭಿಮಾನಿ. ಯಾರಾದರೂ ಎದುರಾಡಿದರೆ "ಭಾಳ ಸಭ್ಯ ಮನಿಷ್ಯಾ ಅವ, ನನಗ ಮೊದಲಿಂದ ಗೊತ್ತಿತ್ತು" ಎನ್ನುತ್ತಾರೆ.

ಸೋಮವಾರ ಬೆಳಗ್ಗೆ ಪಕ್ಕದ ಮನೆಯ ಕುಬ್ರಾಬೇಗಂ ಚಾಚಿ ಬಟ್ಟಲು ತುಂಬ ಖೀರು ಹಿಡಿದು ಬಂದರು. ನನ್ನ ತಲೆ ಸವರಿದರು. ಕಣ್ಣಲ್ಲಿ ನೀರು.

"ಬೇಟಿ, ಧೈರ್ಯಾ ತಗೋ. ಎರಡ ತಿಂಗಳದಾಗ ಗೊತ್ತಾತಲ್ಲ, ಅದಽ ಛಲೋ ಆತು. ಆದ್ರೂ ಅಮೋಘ ಮೊದಲ ನಿನಗ ಹೇಳಬೇಕಿತ್ತಲ್ಲ? ಸೀದಾ ಟೀವಿಯವರಿಗೆ ಹೇಳ್ಯಾನ!"

ನನ್ನ ಗಂಡ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕೂಗಿದ: "ಚಾಚೀ, ನಾ ಯಾವ ಟೀವಿಗೂ ಹೋಗಿಲ್ಲರೀ! ನಾ ನಮ್ಮ ಬೀಜದ ಅಂಗಡಿ ಬಿಟ್ಟು ಎಲ್ಲಿಗೂ ಹೋಗಿಲ್ಲ!" ಚಾಚಿಗೆ ನಂಬಿಕೆ ಬರಲಿಲ್ಲ, ನನ್ನ ಮುಖ ನೋಡಿದರು. ಅವನು ಹಾಗಲ್ಲ ಎಂದು ನನಗೆ ಎಷ್ಟು ಚೆನ್ನಾಗಿ ಗೊತ್ತು ಎಂದು ಹೇಳಲು ಬಾಯಿಗೆ ಬಂತು, ನಾಚಿಕೆಯಾಗಿ ಖೀರು ತಿಂದುಬಿಟ್ಟೆ.

ಊರಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಸಂಘದ ವಾಟ್ಸಾಪ್ ಗುಂಪಿನಿಂದ ನಲವತ್ತು ಜನ ಹೊರಗೆ ಹೋದರು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ತಡೆಯಲಾರದೆ ಮೂವತ್ತೊಂದು ಜನ ವಾಪಸು ಬಂದರು. ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ನಡೆದ ಮಾತನ್ನು ನನ್ನ ಗಂಡ ಬಂದು ಅಭಿನಯ ಮಾಡಿ ತೋರಿಸಿದ:

"ಹಂಗಾದ್ರ ಹೀರೋಯಿನ್ ಜೋಡಿ ಆ ಹಾಡು, ಆ ಪ್ರೀತಿ ಎಲ್ಲಾ ಸುಳ್ಳೇನು?"

"ಮತ್ತ ಒಬ್ಬನಽ ನಲವತ್ತು ಮಂದಿನ್ನ ಹೊಡದದ್ದು ಖರೇ ಅಂತ ತಿಳಕೊಂಡಿದ್ದೇನಲೇ?"

ಎಲ್ಲವೂ ನಗುವ ಮಾತೇ ಆಗಿರಲಿಲ್ಲ ಅಣ್ಣ. ಅಂಗಡಿಗೆ ಬಂದ ಯಾರೋ ನನ್ನ ಗಂಡನಿಗೆ ಹೊಲಸು ಮಾತಾಡಿ, "ಹೆಸರು ಬದಲಿ ಮಾಡಸ್ತಿ ಏನಪ್ಪಾ?" ಎಂದು ಕೆಣಕಿದರಂತೆ. ಇವನು ಜೋಳದ ಬೀಜ ತೂಗುತ್ತಲೇ ಹೇಳಿದನಂತೆ: "ಇಡೀ ರಾಜ್ಯದ ಮುಂದ ಕುಂತು ಖರೇ ಹೇಳಿದವನ ಹೆಸರು ಅದು. ಬದಲಿ ಯಾಕ? ನನಗಽ ಇನ್ನಾ ಅದರ ಲಾಯಕಿ ಬರಬೇಕು." ಅಯ್ಯೋ ಅಣ್ಣ, ಎಂಥ ಗಂಡ ಸಿಕ್ಕಿದ್ದಾನೆ ನನಗೆ! ಅಂದು ಮಧ್ಯಾಹ್ನ ಬುತ್ತಿಗೆ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿದೆ. ಸರಿ, ಸರಿ, ನೀನು ಮುಖ ಸಿಂಡರಿಸುವುದು ಕಾಣುತ್ತಿದೆ, ಮುಂದೆ ಹೋಗುತ್ತೇನೆ.

ಅತ್ತೆ ಮಾತ್ರ ನಾಲ್ಕು ದಿನ ಟೀವಿ ಹಚ್ಚಲಿಲ್ಲ. ಐದನೇ ದಿನ ಟ್ರಂಕು ತೆಗೆದು ಹಳೆಯ ಪತ್ರಗಳ ಕಟ್ಟು ಬಿಚ್ಚಿದರು. ಅಮೋಘ ಹುಟ್ಟಿದ ವರ್ಷದಿಂದ ಎಂಟು ವರ್ಷ ಅವರು ಹೀರೋಗೆ ಪತ್ರ ಬರೆದಿದ್ದಾರೆ, ಹೀರೋ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದಿದ್ದಾರೆ. ಒಟ್ಟು ಹನ್ನೊಂದು ಉತ್ತರ. ಆದರೆ ಅದೇ ಸಂದರ್ಶನದ ಕೊನೆಯಲ್ಲಿ ಆ ಪ್ರವೀಣಕುಮಾರ ನಗುತ್ತ ಒಂದು ಮಾತು ಹೇಳಿದ್ದರು: "ಇವರ ಅಕ್ಷರ ಇವರಿಗೇ ಓದೋಕಾಗಲ್ಲ. ಅಭಿಮಾನಿಗಳ ಪತ್ರಕ್ಕೆಲ್ಲ ಉತ್ತರ ಬರೆದದ್ದು ನಾನೇ."

"ಅಂದ್ರ ನಾ ಯಾರಿಗೆ ಬರದೇನಿ?" ಎಂದು ಅತ್ತೆ ತಲೆಗೆ ಕೈ ಹೊತ್ತರು. "ಮನಿ ಸುದ್ದಿ ಎಲ್ಲಾ ಬರದೇನಲ್ಲೋ ಶಿವನಽ! ಇವರ ಮ್ಯಾಲಿನ ತಕರಾರ ಸೈತ!"

"ನನ್ನ ಮ್ಯಾಲ ತಕರಾರ ಬರದೀ?" ಮಾವ ಹೊರಗಿನಿಂದ ಎದ್ದು ಬಂದರು. "ಏನಂತ?"

"ಗೊರಕಿ ಹೊಡೀತೀರಿ ಅಂತ. ಎರಡ ಪುಟ."

"ಗೊರಕಿಗೆ ಎರಡ ಪುಟ?"

"ನಿಮ್ಮ ಗೊರಕಿಗೆ ಅಷ್ಟು ಬೇಕಾತು."

ಆ ಪತ್ರಕ್ಕೆ ಬಂದ ಉತ್ತರವನ್ನು ಅತ್ತೆ ನನ್ನಿಂದ ಜೋರಾಗಿ ಓದಿಸಿದರು. ಅದರಲ್ಲಿ ಹೀಗಿತ್ತು: "ಸೋದರಿ, ತಿಮ್ಮಣ್ಣನವರಿಗೆ ಒಂದು ಮಗ್ಗುಲಾಗಿ ಮಲಗಲು ಹೇಳಿ, ತಲೆದಿಂಬು ಎತ್ತರಿಸಿ. ಗೊರಕೆ ಹೊಡೆಯುವವರು ಕೆಟ್ಟವರಲ್ಲ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಗೊರಕೆ ನಿಂತ ದಿನ ನನಗೆ ಹೆದರಿಕೆಯಾಗಿ ಎಚ್ಚರವಾಗುತ್ತದೆ."

ಅತ್ತೆ ಇಷ್ಟು ವರ್ಷ ಆ 'ಒಬ್ಬರು' ಹೀರೋನ ಮುದುಕ ತಂದೆ ಎಂದುಕೊಂಡಿದ್ದರಂತೆ. ಈಗ ನನ್ನ ಮುಖ ನೋಡಿದರು, ಮಾವನ ಮುಖ ನೋಡಿದರು, ಗೋಡೆಯ ಮೇಲೆ ಕುದುರೆ ಏರಿದ್ದ ಅಮೋಘರಾಜನನ್ನು ನೋಡಿದರು. "ಯವ್ವಾ... ಗೊರಕಿ ಹೊಡಿಯಾಂವ ಹೀರೋ!" ಎಂದು ಸೆರಗು ಬಾಯಿಗೆ ಒತ್ತಿ ನಗಲು ಶುರು ಮಾಡಿದವರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಕ್ಕು ಮುಗಿದ ಮೇಲೆ ಪತ್ರ ಮಡಚುತ್ತ ಮೆಲ್ಲಗೆ ಹೇಳಿದರು, "ಆ ಪ್ರವೀಣಕುಮಾರ ಛಲೋ ಮನಿಷ್ಯಾ. ನನ್ನ ಮಗನ ದಡಾರದಾಗ ಎರಡ ಸಲ ಬರದು ಕೇಳಿದವ ಅವನಽ ಅಂದ ಮ್ಯಾಲ."

ಮುಂದಿನ ಭಾನುವಾರ ನಮ್ಮ ಅಂಗಳದಲ್ಲಿ ಸಂಘದ ತುರ್ತುಸಭೆ. ಅಧ್ಯಕ್ಷ ಟೇಲರ್ ಬಾಷುಮಿಯಾ, ಕಾರ್ಯದರ್ಶಿ ಚಂದ್ರಾಮಪ್ಪ. ಈ ಚಂದ್ರಾಮಪ್ಪ ರಿಟೈರಾದ ಕಂಡಕ್ಟರ್, ಎಲ್ಲರೂ ಟಿಕೆಟಿಲ್ಲದೆ ಹತ್ತಿದವರು ಎಂಬಂತೆ ನೋಡುತ್ತಾರೆ.

"ಸಂಘ ಬಂದ್ ಮಾಡಬೇಕು" ಎಂದರು ಚಂದ್ರಾಮಪ್ಪ. "ನಾಳೆ ಹುಡುಗರು ನಮಗ ನಗ್ತಾರ."

"ನಿಮಗ ಈಗೂ ನಗ್ತಾರ, ಕಾರ್ಯದರ್ಶಿಗಳ" ಎಂದರು ಅತ್ತೆ. "ಬಣ್ಣಾ ತಲಿಗೆ ಹಚ್ಚಿಕೊಳ್ರಿ ಅಂದ್ರ ಕಿವಿಗೂ ಹಚ್ಚಿಕೊಂಡು ಬರ್ತೀರಿ."

ಬಾಷುಮಿಯಾ ನಗು ತಡೆದುಕೊಂಡು, "ಅಕ್ಕಾರ, ಹಂಗಾರ ನಿಮ್ಮ ಅಭಿಪ್ರಾಯ ಏನ್ರಿ?" ಎಂದರು.

ಅತ್ತೆ ಸೆರಗು ಹೊದ್ದು ಎದ್ದು ನಿಂತರು. ಮಹಿಳಾ ಘಟಕ ಪೂರ್ತಿ ಎದ್ದು ನಿಂತಂತಾಯಿತು. "ನನ್ನ ಮಗನ ಲಗ್ನದ ಫ್ಲೆಕ್ಸ್‌ನ್ಯಾಗ ಆ ಮನಿಷ್ಯಾ ಬಂದು ಆಶೀರ್ವಾದ ಮಾಡ್ಯಾನ. ಅವರು ಜೋಡಿಯಾಗಿ ಇಪ್ಪತ್ತೆಂಟು ವರ್ಷ ಆತು, ನಾವು ಒಂದು ತುಂಡು ಅರಿಬಿ ಸೈತ ಉಡಿಸಿಲ್ಲ. ಆಯೇರಿ ಬಾಕಿ ಉಳದೈತಿ. ಕಳಸೋಣು."

ಬಳಗದವರು ಮದುವೆಯ ಜೋಡಿಗೆ ಹೊಸ ಬಟ್ಟೆ ಉಡಿಸುವ ಆಯೇರಿ ನಮ್ಮವರಿಗೆ ಎಷ್ಟು ಮುಖ್ಯ, ನಿನಗೆ ಗೊತ್ತೇ ಇದೆ. ಅದಿಲ್ಲದೆ ಮದುವೆ ಆಯಿತೆಂದು ಯಾರೂ ಒಪ್ಪುವುದಿಲ್ಲ. ಚಂದ್ರಾಮಪ್ಪನವರಿಗೆ ಒಂದು ಸಂದು ಸಿಕ್ಕಿತು.

"ಪದ್ಧತಿ ಅಂದ್ರ ಪದ್ಧತಿ. ಆಯೇರಿ ಒಳಗ ಒಂದು ಧೋತರ, ಒಂದು ಸೀರಿ ಇರಬೇಕು. ಸೀರಿ ಯಾರಿಗೆ ಉಡಸ್ತೀರಿ?"

ಎಲ್ಲರೂ ನನ್ನ ಕಡೆ ನೋಡಿದರು, ಇಂಗ್ಲಿಷ್ ಸಾಲಿ ಕಲಿತವಳಲ್ಲವೇ! ನಾನು ಡೈವರ್ಸಿಟಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಗಿಸಿಬಿಟ್ಟರು:

"ಇಬ್ಬರೂ ಗಂಡಸರು ಅಂತ ಅವರಽ ಬಾಯಿಬಿಟ್ಟು ಹೇಳ್ಯಾರ. ನಿಮಗ ಟೀವಿ ನೋಡಾಕ ಬರಾಂಗಿಲ್ಲೇನ್ರಿ? ಎರಡು ಧೋತರ. ಎರಡು ಶಲ್ಯ. ಎರಡು ಟೋಪಿ. ಬರಕೋ ಬಾಷು."

ಬಾಷುಮಿಯಾ ಬರೆದುಕೊಂಡರು. ಚಂದ್ರಾಮಪ್ಪ ಎದ್ದು ಹೋದರು. ಆಮೇಲೆ ಟೋಪಿಯ ಅಳತೆ ತಪ್ಪಿದರೆ ಸಂಘಕ್ಕೆ ಕೆಟ್ಟ ಹೆಸರು ಎಂದು ಓಣಿಯ ತುದಿಯಿಂದ ವಾಪಸು ಬಂದರು. ಧೋತರ ಆರಿಸಲು ಮಾವ ಸ್ವತಃ ಶಹಾಪುರಕ್ಕೆ ಹೋಗಿ, ಛತ್ರಿಯ ಪ್ರವೀಣಕುಮಾರರಿಗೆ ಅಗಲ ಅಂಚಿನದು, ಹೀರೋಗೆ ಸಣ್ಣ ಅಂಚಿನದು ತಂದರು. ಯಾಕೆ ಹೀಗೆ ಎಂದು ಕೇಳಿದರೆ, "ಗೊರಕಿ ತಡಕೊಂಡವ ದೊಡ್ಡಾಂವ" ಎಂದರು. ಮೊನ್ನೆ ಪಾರ್ಸೆಲ್ ಹೋಯಿತು, ಜೊತೆಗೆ ಶೇಂಗಾ ಚಟ್ನಿ, ಕಡಕ್ ರೊಟ್ಟಿ.

ಅದನ್ನು ಕಟ್ಟುವಾಗ ನಾನೂ ಅತ್ತೆಯೂ ಎದುರುಬದುರು ಕುಳಿತಿದ್ದೆವು. ಧೋತರದ ಮಡಿಕೆ ಸರಿ ಮಾಡುತ್ತ ಅವರು ಸುಮ್ಮನೆ ಕೇಳಿದರು: "ಸಾವಿತ್ರಿ, ಇಪ್ಪತ್ತೆಂಟು ವರ್ಷದಾಗ ಅವರ ಬಳಗದೊಳಗ ಎಷ್ಟು ಲಗ್ನ ಆಗಿರಬೇಕು. ಇಬ್ಬರನ್ನೂ ಕೂಡೇ ಬರ್ರಿ ಅಂತ ಒಬ್ಬರಾದ್ರೂ ಕರದಿರಬೇಕೇನವಾ? ಕರದಿದ್ದಿಲ್ಲ ಅಂದ್ರ, ಎಂಥಾ ಮಂದಿ ಅವರು?"

ನಾನು ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಎದ್ದು ಒಳಗೆ ಹೋದೆ. ಹಾಲು ಇರಲಿಲ್ಲ.

ಇಷ್ಟು ಸುದ್ದಿ ಅಣ್ಣ. ಪಂಚಮಿಗೆ ಬಾ. ಅತ್ತೆ ನಿನಗೆ ತಮ್ಮ ಆಶೀರ್ವಾದ ಬರೆಯಲು ಹೇಳಿದ್ದಾರೆ. 'ಆ ಹುಡುಗ ಲಗ್ನದಾಗ ಮುಂಜಾನಿಂದ ನೀರ ಹೊತ್ತು ಉಣ್ಣಲಾರದ ಹೋಗ್ಯಾನ, ಈ ಸಲ ಉಣಿಸಿ ಕಳಸ್ತೇನಿ' ಎನ್ನುತ್ತಾರೆ. ಮಾವನ ನಮಸ್ಕಾರ, ಮೀಸೆಯಿಲ್ಲದ್ದು. ನನ್ನ ಗಂಡನ ಅಪ್ಪುಗೆ. ನಿನ್ನ ಮೈ ಮನಸ್ಸು ತಂಪಾಗಿರಲಿ, ನಿನ್ನ ಮನೆಯಲ್ಲಿ ನಗು ಇರಲಿ ಎಂದು ಹಾರೈಸುವ,

ನಿನ್ನ ತಂಗಿ
ಸಾವಿ

ತಾ.ಕ.: ಪತ್ರ ಮಡಚಿದ್ದೆ. ಮತ್ತೆ ಬಿಚ್ಚಿದೆ.

ಏಪ್ರಿಲ್‌ನಲ್ಲಿ ಲಗ್ನಪತ್ರಿಕೆ ಕೊಡಲು ಯಾದಗಿರಿ ಸ್ಟೇಷನ್ ಹತ್ತಿರದ ನಿನ್ನ ಬಾಡಿಗೆ ಮನೆಗೆ ಬಂದಿದ್ದೆನಲ್ಲ. ಲಕ್ಷ್ಮಿಕಾಂತ ಒಳಗೆ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದ. ನೀನು ಹೇಳಿದೆ: "ಸಾವಿ, ಅವ ನನ್ನ ರೂಮ್‌ಮೇಟ್ ಅಲ್ಲ. ಆರು ವರ್ಷ ಆತು. ನಿನಗಽ ಮೊದಲ ಹೇಳಾಕತ್ತೇನಿ. ಪತ್ರಿಕಿ ಮ್ಯಾಲ ಇಬ್ಬರ ಹೆಸರೂ ಬರಿ." ನಾನು ಪೆನ್ನು ಮುಚ್ಚಿಬಿಟ್ಟೆ. "ಬೀಗರು ಹಳೇ ಕಾಲದ ಮಂದಿ, ಅವರಿಗೆ ಇದೆಲ್ಲ ತಿಳಿಯಂಗಿಲ್ಲ, ನೀ ಒಬ್ಬನಽ ಬಾ" ಎಂದೆ. ಒಳಗೆ ಸೌಟಿನ ಸದ್ದು ನಿಂತಿತು. ಅವನಿಗೆ ಕೇಳಿಸಿತೆಂದು ಆಗಲೇ ಗೊತ್ತಾಯಿತು. ಆದರೂ ಅವನು ತಟ್ಟೆ ತಂದಿಟ್ಟಾಗ ತಿಂದು, ಭಾಳ ಛಲೋ ಆಗೇದ ಎಂದೆ.

ಅಣ್ಣ, ಆಗ ನಾನು ಬೀಗರ ಜೊತೆ ಸರಿಯಾಗಿ ಹತ್ತು ಮಾತು ಕೂಡ ಆಡಿರಲಿಲ್ಲ. ಸುಳ್ಳು ಹೇಳಿದೆ. ಅವರ ಭಯ ಇರಲಿಲ್ಲ ನನಗೆ. ನಾಚಿಕೆಪಟ್ಟವಳು ನಾನೇ. ಅತ್ತೆ ಮಾವನ ಮುಂದೆ ಐದು ನಿಮಿಷ ಭಾಷಣ ಮಾಡಬಲ್ಲೆ, ನನ್ನ ಅಣ್ಣನ ಪಕ್ಕ ಒಂದು ಹೆಸರು ಬರೆಯಲು ಆಗಲಿಲ್ಲ. ನೀನು ಒಬ್ಬನೇ ಬಂದು ಇಡೀ ದಿನ ದುಡಿದು, ಉಣ್ಣದೆ ಹೋದೆ.

ನಿನ್ನ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ, ನನ್ನ ಗಂಡನಿಗೂ ಇಲ್ಲ. ಅದು ನಿನ್ನ ಮಾತು, ಬೇಕಾದಾಗ ನೀನೇ ಹೇಳು, ಬೇಡವೆನಿಸಿದರೆ ಬಿಡು. ಆದರೆ ಕರೆಯಲು ಇಬ್ಬರೂ ಬನ್ನಿ. ನೀವು ಬರದಿದ್ದರೆ ಇಪ್ಪತ್ತೆಂಟರ ಬೆಳಗಿನ ಬಸ್ಸಿಗೆ ನಾನೇ ಯಾದಗಿರಿಗೆ ಬರುತ್ತೇನೆ. ಮೊದಲ ಪಂಚಮಿಗೆ ಕರೆಯುವವರಿಲ್ಲದೆ ತಾನೇ ಹೋದಳು ಎಂದು ಓಣಿ ಆಡಿಕೊಳ್ಳಲಿ. ಮುದನಾಳಕ್ಕೆ ಅವ್ವನ ಹತ್ತಿರ ಆಮೇಲೆ, ಮೊದಲು ನಿಮ್ಮ ಮನೆಗೆ. ನೀನು ಸಾಲಿಗೆ ಹೋಗಿದ್ದರೂ ಚಿಂತೆಯಿಲ್ಲ, ನನಗೆ ಮೊದಲು ಮಾತಾಡಬೇಕಾದದ್ದು ಲಕ್ಷ್ಮಿಕಾಂತನ ಜೊತೆ. ಅವನು ಬಾಗಿಲು ತೆರೆಯದಿದ್ದರೆ ತಪ್ಪು ತಿಳಿಯುವುದಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ.